ಅಳದ ಕಾಲು

ನೆಲದ ಮೇಲೆ ರಕ್ತದ ಹೆಜ್ಜೆಗಳನ್ನು ಮೊದಲು ಕಂಡವಳು ನನ್ನ ಹೆಂಡತಿ ನಿಂಗವ್ವ.

"ಕಾಲಾಗ ಏನ ಚುಚ್ಚೇದ್ರಿ?"

ಏನೂ ಇಲ್ಲ ಎಂದೆ. ಅವಳು ಪಾದ ಎತ್ತಿ ನೋಡಿದಳು. ಹೊಲಿಗೆ ಮಷಿನ್ನಿನ ಮುರಿದ ಸೂಜಿ. ಅರ್ಧ ಒಳಗೆ ಹೋಗಿತ್ತು.

ನನಗೆ ಗೊತ್ತೇ ಆಗಿರಲಿಲ್ಲ.

ಗಡಿಯಾಚೆ, ಮಹಾರಾಷ್ಟ್ರದ ಡಫಳಾಪುರದಲ್ಲಿ ನಾನು ಟೇಲರ್. ಹಗಲೆಲ್ಲ ಬರಿಗಾಲಲ್ಲಿ ಪೆಡಲ್ ತುಳಿಯುವವನು. ಕೆಲವು ತಿಂಗಳಿಂದ ಅಂಗಾಲು ಉರಿಯುತ್ತಿತ್ತು, ಬೆರಳು ಜೋಮು ಹಿಡಿಯುತ್ತಿದ್ದವು. ದಣಿವು ಎಂದುಕೊಂಡಿದ್ದೆ. ಮಿರಜದ ಡಾಕ್ಟರು ಟೆಸ್ಟ್ ಮಾಡಿಸಿ ಹೇಳಿದರು: ಡಯಾಬಿಟೀಸ್. ಸಕ್ಕರೆ ನರಗಳನ್ನು ಕೆಡಿಸಿದೆ.

"ಕಾಲು ತೆಗೆಯುತ್ತೀರಾ?" ನಿಂಗವ್ವ ಮರಾಠಿಯಲ್ಲಿ ನೇರವಾಗಿ ಕೇಳಿದಳು.

"ಗಾಯ ಕೊಳೆತರೆ ತೆಗೆಯಬೇಕಾಗುತ್ತದೆ."

ಇನ್ಸುಲಿನ್ ಬರೆದುಕೊಟ್ಟರು. ಜೊತೆಗೆ ವಿಟಮಿನ್ ಇ ಕ್ಯಾಪ್ಸೂಲ್. "ಹವೆಗೆ ಎಣ್ಣೆ ಕಮಟಾಗುತ್ತದಲ್ಲ, ನರವೂ ಹಾಗೇ ಕೆಡುತ್ತದೆ. ಇದು ಆಂಟಿಆಕ್ಸಿಡೆಂಟ್, ತಡೆದರೂ ತಡೆಯಬಹುದು. ನನಗೆ ಖಾತ್ರಿಯಿಲ್ಲ. ನೋಡೋಣವೇ?"

ಅಷ್ಟು ದೊಡ್ಡ ಡಾಕ್ಟರೇ ಖಾತ್ರಿಯಿಲ್ಲ ಎಂದಾಗ ನಾನು ಹೆದರಿದೆ; ನಿಂಗವ್ವನಿಗೆ ಮಾತ್ರ ಆ ಮಾತಿನಿಂದಲೇ ಅವರ ಮೇಲೆ ವಿಶ್ವಾಸ ಹುಟ್ಟಿತು.

ಸಾಲಿ ಮುಖ ಕಾಣದವಳು ಸಿರಿಂಜ್ ಕುದಿಸಿ ಇಂಜೆಕ್ಷನ್ ಕೊಡಲು ಕಲಿತಳು. ನೀಲಿ ಔಷಧಕ್ಕೆ ಯೂರಿನ್ನಿನ ಹನಿ ಹಾಕಿ ಕಾಸಿ, ಹಸಿರಾದರೆ ಸ್ವಲ್ಪ, ಇಟ್ಟಂಗಿ ಬಣ್ಣವಾದರೆ ಭಾಳ ಎಂದು ಸಕ್ಕರೆಯನ್ನು ಓದಲು ಕಲಿತಳು. ನಾನು ಬಟ್ಟೆ ಕತ್ತರಿಸಿ ಕೊಟ್ಟೆ, ಗಾಯ ಮಾಯುವವರೆಗೆ ಪೆಡಲ್ ಅವಳೇ ತುಳಿದಳು. ದಿನಾ ಬೆಳಿಗ್ಗೆ ನನ್ನ ಅಂಗಾಲನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಬೆರಳು ಬಿಡಿಸಿ ನೋಡುತ್ತಿದ್ದಳು.

ಒಂದು ದಿನ ಸಿಟ್ಟಿಗೆದ್ದೆ. "ನಾ ಏನ್ ಕೂಸೇನ?"

"ಚುಚ್ಚಿದ್ರ ಕೂಸು ಅಳ್ತದ್ರಿ. ನಿಮ್ಮ ಕಾಲು ಅಳಂಗಿಲ್ಲ."

ಇನ್ನೊಂದು ಕಾಲನ್ನೂ ನಾನೇ ಬಿಸಿಲಿಗೆ ಚಾಚಿದೆ.

ಆರು ತಿಂಗಳಿಗೆ ಉರಿ ತಗ್ಗಿತು. ಗಾಯ ಮಾಯಿತು. ಎರಡು ಬೆರಳುಗಳಲ್ಲಿ ಈಗಲೂ ಸ್ಪರ್ಶವಿಲ್ಲ, ಅದು ಬರಲಿಕ್ಕಿಲ್ಲ. ಹೋದ ವಾರ ಡಾಕ್ಟರು ಪಿನ್ ಮುಟ್ಟಿಸಿ ನೋಡಿದರು.

"ಉರಿ ಕ್ಯಾಪ್ಸೂಲಿನಿಂದ ಇಳಿಯಿತೋ ಇನ್ಸುಲಿನ್ನಿನಿಂದಲೋ, ಹೇಳಲಾರೆ. ಕಾಲು ಉಳಿದದ್ದು ಇವರಿಂದ," ಎಂದು ನಿಂಗವ್ವನತ್ತ ತಿರುಗಿದರು. "ವಾರ್ಡಿಗೆ ಸ್ವಲ್ಪ ಬರುತ್ತೀರಾ?"

ಅಲ್ಲಿ ಸೊರಡಿ ಊರಿನ ಒಬ್ಬ ಕುರಿಗಾರ ಮಲಗಿದ್ದ, ನನ್ನಂತೆಯೇ ಸಕ್ಕರೆ ಕಾಯಿಲೆಯವನು. ಒಂದು ಕಾಲಿಗೆ ಬ್ಯಾಂಡೇಜ್. ಹೆಂಡತಿ ದೂರ ನಿಂತು ಸೆರಗು ಕಚ್ಚಿಕೊಂಡಿದ್ದಳು. ನಿಂಗವ್ವ ಅವನ ಇನ್ನೊಂದು ಪಾದವನ್ನು ಮಡಿಲಿಗೆ ತೆಗೆದುಕೊಂಡಳು.

"ಬಾ ತಂಗಿ, ಕುಂದ್ರು. ಮೊದಲಿಗೆ ಬೆರಳಿನ ಸಂದಿ ನೋಡಬೇಕು."

ಡಾಕ್ಟರು ಕೈಕಟ್ಟಿ ಅವಳ ಹಿಂದೆ ನಿಂತು ಕೇಳುತ್ತಿದ್ದರು.