ಗಂಗವ್ವಾರು ಕಹಿ ಗುರುತಿಸಿದ್ದು

ಸಾವಳಗಿಯ ಗಂಗವ್ವಾರ ಹೊಲದಲ್ಲಿ ನಾನು ನೆಲಬೇವು ಬೆಳೆಸಿದ್ದೆ. ಆ ಗಿಡದ ಕಹಿಯೇ ಔಷಧ. ಹನ್ನೆರಡು ಸಾಲುಗಳಲ್ಲಿ ಆರಕ್ಕೆ ಮಾತ್ರ ಸಸ್ಯ ಹಾರ್ಮೋನು ಸಿಂಪಡಿಸಿ, ಕಹಿ ಹೆಚ್ಚುತ್ತದೆಯೇ ಎಂದು ನೋಡಿ ಸಂಶೋಧನಾ ಕಚೇರಿಗೆ ವರದಿ ಕೊಡುವುದು ನನ್ನ ಕೆಲಸ. ಎಲೆ ಕೊಯ್ಯಲು ಹೋದರೆ, ಸಾಲಿಗೊಂದರಂತೆ ನಾನು ಕಟ್ಟಿದ್ದ ಚೀಟಿಗಳ ಶಾಯಿಯೆಲ್ಲ ಮಳೆಗೆ ತೊಳೆದುಹೋಗಿತ್ತು. ಸಾಲುಗಳ ನಕ್ಷೆಯೋ, ಅಂಗಿಯ ಕಿಸೆಯಲ್ಲೇ ಕುಳಿತು ಅಗಸರ ಮನೆಗೆ ಹೋಗಿತ್ತು. ಇಡೀ ಹಂಗಾಮಿನ ದುಡಿಮೆ ಮಣ್ಣುಪಾಲಾಯಿತೆಂದು ಬದುವಿನ ಮೇಲೆ ಕುಳಿತುಬಿಟ್ಟೆ.

“ಯಾಕ ಹಂಗ ಕುಂತೀರಿ ಸಾಹೇಬ್ರ, ತಿಂದು ನೋಡಿದ್ರ ಆತು,” ಅಂದರು ಗಂಗವ್ವಾರು.

ನಾನು ಒಂದು ಎಲೆ ಅಗಿದೆ. ಆಮೇಲೆ ಅವರು ಕೊಟ್ಟ ಬೆಲ್ಲವೂ ನನಗೆ ಕಹಿಯಾಯಿತು. ಅವರು ಮಾತ್ರ ಸಾಲು ಸಾಲಿಗೂ ಬಾಯಿ ಮುಕ್ಕಳಿಸಿ, ಎಲೆ ಅಗಿದು, ಕಣ್ಣು ಮುಚ್ಚಿ ಹೇಳುತ್ತ ಹೋದರು.

“ಇದು ಬರೇ ಕಹಿ ಐತ್ರಿ. ಇದು ಸುಡಗಾಡ ಕಹಿ, ದಾರ ಕಟ್ರಿ.”

ಅವರು ಮುಖ ಕಿವುಚಿದಾಗಲೆಲ್ಲ ನಾನು ನಗು ತಡೆಯಲಾರದೆ ದಾರ ಕಟ್ಟಿದೆ.

ಸಂಜೆ ಅಗಸರ ಮನೆಗೆ ಹೋದರೆ, ನಕ್ಷೆಯನ್ನು ನೆನೆಸದೆ ಎತ್ತಿಟ್ಟಿದ್ದರು. ಹೊಲಕ್ಕೆ ಓಡಿ ಹೋಲಿಸಿದೆ. ಆರಕ್ಕೆ ಆರೂ ಸರಿ. ಹಾರ್ಮೋನು ಕೆಲಸ ಮಾಡಿತ್ತು. ನಾನು ಅಲ್ಲೇ ಕುಣಿಯತೊಡಗಿದೆ.

“ಗಿಡಾ ತುಳೀಬ್ಯಾಡ್ರಿ,” ಎಂದು ಗದರಿದ ಗಂಗವ್ವಾರೂ ನಗುತ್ತಿದ್ದರು.

ವರದಿಯಲ್ಲಿ ‘ಬಳಸಿದ ಸಲಕರಣೆ’ ಎಂಬ ಕಡೆ ‘ಗಂಗವ್ವಾರ ನಾಲಗೆ’ ಎಂದು ಖರೇನೇ ಬರೆದೆ. ಅದು ಯಾವ ಕಂಪನಿಯದೆಂದು ತಿಳಿಸಿ ಅಂತ ಕಚೇರಿಯಿಂದ ಪತ್ರ ಬಂತು.