ಗೇಟಿನ ಬಳಿ ನಿಲ್ಲುತ್ತಿದ್ದವರು

ಶಾಲೆಯ ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರೊಬ್ಬರು ಉಂಡು ನೋಡಬೇಕು. ಕೊಣನೂರು ಕಡೆಯ ಈ ಹಳ್ಳಿಯಲ್ಲಿ ಆ ಕೆಲಸ ನನ್ನದು. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಉಣ್ಣುತ್ತೇನೆ. ಆಮೇಲೆ, ಏನೂ ಆಗುವುದಿಲ್ಲವಷ್ಟೆ ಎಂದು ಕಾಯುತ್ತೇನೆ. ಬಾಡಿಗೆ ಮನೆಯಲ್ಲೂ ಒಬ್ಬನೇ ಉಣ್ಣುವವನಿಗೆ ಅದೇನು ಕಷ್ಟವಲ್ಲ.

ಊರಲ್ಲಿ ಬೆಳೆದದ್ದನ್ನೇ ಬೇಯಿಸೋಣ, ತರಕಾರಿ ಕೊಡಿ ಎಂದು ನಾವು ಕೇಳಿದಾಗ ಮೊದಲು ಬಂದವರು ಶಾಲೆಯ ಹಿಂದಿನ ಮನೆಯ ಅಜ್ಜಿ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹಿತ್ತಲಿನ ದಂಟು, ನುಗ್ಗೆಸೊಪ್ಪು, ಅವರೆಕಾಯಿಯನ್ನು ಮಡಿಲಲ್ಲಿ ಕಟ್ಟಿಕೊಂಡು ತರುತ್ತಿದ್ದರು. ಊಟದ ಗಂಟೆ ಹೊಡೆದರೆ ಮತ್ತೆ ಬಂದು, ಮಕ್ಕಳು ಉಂಡು ಏಳುವವರೆಗೂ ಗೇಟಿನ ಬಳಿ ನಿಂತಿರುತ್ತಿದ್ದರು.

"ಒಬ್ಳಿಗೆ ಏನಂತ ಒಲೆ ಹಚ್ಚಾದು ಸಾ? ಇವು ಉಣ್ಣಾದ್ ನೋಡುದ್ರೆ ನಂಗೂ ವಟ್ಟೆ ತುಂಬ್ತದೆ."

ಒಳಗೆ ಬನ್ನಿ ಎಂದರೆ, "ಈ ವಯಸ್ನಲ್ಲಿ ಒಂದ್ನೇ ಕ್ಲಾಸ್ಗೆ ಸೇರ್ಕಳ್ಳಾ?" ಎಂದು ನಗುತ್ತಿದ್ದರು.

ಆ ದಿನ ಅವರ ಚಪ್ಪರದ ಮೊದಲ ಸೋರೆಕಾಯಿಗಳು ಬಂದಿದ್ದವು. ಸೋರೆಕಾಯಿ ಹೆಚ್ಚುವಾಗ ಒಂದು ಚೂರನ್ನು ಬಾಯಿಗೆ ಹಾಕಿ ನೋಡುವುದು ಇಲ್ಲಿನ ಮನೆಮನೆಯ ರೂಢಿ. ಅಂದು ಯಾರೂ ನೋಡಲಿಲ್ಲ. ಅಜ್ಜಿ ತಂದ ಕಾಯಿಯನ್ನೂ ನೋಡಬೇಕೇ ಎಂದು ಎಲ್ಲರಿಗೂ ಅನ್ನಿಸಿತ್ತು.

ಸಾರಿನ ಮೊದಲ ತುತ್ತೇ ಕಹಿ. ಉಗಿದೆ. ಕಹಿ ಸೋರೆ ವಿಷ ಎಂದು ಕೇಳಿದ್ದೆ. ಚೆಲ್ಲಿಬಿಡಿ ಎಂದೆ. ಅಡುಗೆಯವರು ಪಾತ್ರೆಯನ್ನು ಹೊರಗೆ ತರುವಷ್ಟರಲ್ಲಿ ಅಜ್ಜಿ ಗೇಟಿಗೆ ಬಂದಿದ್ದರು.

"ಯಾಕ್ ಸಾ ಚೆಲ್ಲಾದು?"

"ಕಹಿಯಿದೆ ಅಜ್ಜಿ, ಮಕ್ಕಳಿಗೆ ಆಗಲ್ಲ."

"ನಾನು ಮಕ್ಳಿಗೆ ವಿಸ ಇಕ್ಕೀನಾ?"

ನೇರವಾಗಿ ಬಂದು, ಬಿಸಿಯೆನ್ನದೆ ಪಾತ್ರೆಗೆ ಕೈ ಹಾಕಿದರು. ಹೋಳುಗಳನ್ನು ಬಾಚಿ ತಿಂದರು. ನಾನು ಕೈ ಹಿಡಿಯುವ ಮೊದಲು ಇನ್ನೊಂದು ಸಲ ತಿಂದರು. ಮುಖ ಕಿವುಚಲಿಲ್ಲ. "ನೋಡಿ, ಸತ್ನಾ?" ಎಂದರು.

ತಿರುಗಿ ಹೊರಟವರು ಮನೆಯ ಬಾಗಿಲು ತಲುಪುವ ಮೊದಲೇ ಕುಸಿದರು. ವಾಂತಿಯಲ್ಲಿ ರಕ್ತವಿತ್ತು. ಆಟೋದಲ್ಲಿ ಅರಕಲಗೂಡಿನ ಆಸ್ಪತ್ರೆಗೆ ಹೋಗುವಾಗ ಅವರ ತಲೆ ನನ್ನ ತೊಡೆಯ ಮೇಲಿತ್ತು. "ಇವರ ಕಡೆಯವರು ಯಾರು?" ಎಂದು ನರ್ಸ್ ಕೇಳಿದರು. ಸುತ್ತ ನೋಡಿದೆ. "ನಾನು" ಎಂದೆ.

ಅಜ್ಜಿ ಉಳಿದರು. ಮನೆಗೆ ಬಂದವರೇ ಸೋರೆಬಳ್ಳಿಯನ್ನು ಬುಡದಲ್ಲಿ ಕೊಯ್ದುಹಾಕಿದರು. ನಾನು ಹೋಗಿ, ಬಳ್ಳಿಯ ತಪ್ಪಿಗೆ ನೀವೇನು ಮಾಡುತ್ತೀರಿ, ಸೊಪ್ಪಾದರೂ ಕೊಡಿ ಎಂದು ಕೇಳಿದೆ.

"ಬ್ಯಾಡಿ ಸಾ. ನೀವು ಬಾಯಿಗ್ ಇಕ್ದೆ ಇದ್ದಿದ್ರೆ?"

ಬರಿಗೈಯಲ್ಲಿ ಶಾಲೆಗೆ ಮರಳಿದೆ.

ಈಗ ಬೇರೆ ಮನೆಗಳಿಂದ ತರಕಾರಿ ಬರುತ್ತದೆ. ಎಲ್ಲವನ್ನೂ ಚೂರು ಕಚ್ಚಿ ನೋಡಿಯೇ ಹೆಚ್ಚುತ್ತಾರೆ. ಕಟ್ಟೆಯ ಮೇಲಿಂದ ಅಜ್ಜಿಯ ಹಿತ್ತಲು ಕಾಣುತ್ತದೆ. ಕೀಳುವವರಿಲ್ಲದೆ ದಂಟು ಬಲಿತು ತೆನೆ ಬಿಟ್ಟಿದೆ. ಬೆಳಗಿನಿಂದ ತೆರೆದಿರುವ ಹಿತ್ತಲ ಬಾಗಿಲು, ಊಟದ ಗಂಟೆ ಹೊಡೆದ ಕೂಡಲೇ ಒಳಗಿನಿಂದ ಮುಚ್ಚಿಕೊಳ್ಳುತ್ತದೆ.