ಅಪ್ಪನ ದನಿಯ ವೇಗ

ಮೊನ್ನೆ ಮಗಳು ಫೋನಿನಲ್ಲಿ ಒಂದು ಹಾಡು ಕೇಳಿಸಿದಳು. ಕಳೆದ ವಾರ ಯಾರೋ ಹಾಡಿದ್ದಂತೆ. ಹಿಂದೆ ಮಾತ್ರ ಸರ್ ಎನ್ನುವ ಹಳೇ ಕ್ಯಾಸೆಟ್ಟಿನ ಸಪ್ಪಳ. "ಅದಕ್ಕೊಂದು ಬಟನ್ ಐತಿ. ಒತ್ತಿದ್ರ ಹಾಡು ಹಳೇದಾಗ್ತೈತಿ" ಎಂದಳು. ನನಗೆ ಮೈ ಉರಿಯಿತು. ಆ ಸಪ್ಪಳದ ಬೆನ್ನು ಹತ್ತಿ ನಾನು ಒಂದು ಬೇಸಿಗೆ ಹಾಳು ಮಾಡಿಕೊಂಡಿದ್ದೇನೆ, ಇದ್ದೊಬ್ಬ ಕಾಕಾನ ಜೊತೆ ಜಗಳವನ್ನೂ ಆಡಿದ್ದೇನೆ.

ಎರಡು ಸಾವಿರದ ಐದಿರಬೇಕು. ಆರೂ ಇರಬಹುದು. ನನ್ನ ನೆನಪನ್ನು ನೀವು ನಂಬಬೇಡಿ, ನಾನೇ ನಂಬುವುದು ಬಿಟ್ಟಿದ್ದೇನೆ. ಬ್ಯಾಡಗಿಯ ನಮ್ಮ ಮನೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು, ಜೊತೆಗೊಂದು ಮೈಕು. ನನಗೆ ನಾಲ್ಕು ವರ್ಷವಿದ್ದಾಗ ಅಪ್ಪ ತೀರಿಕೊಂಡಿದ್ದರು. ಅವರ ದನಿ ಅಂತ ಉಳಿದದ್ದು ಒಂದು ಕ್ಯಾಸೆಟ್ಟು, ಅದರಲ್ಲಿ ಒಂದೇ ಭಜನೆಪದ. ಸಣ್ಣ, ಚೂಪಾದ ದನಿ. ಮುಂದೆ ಹೋದಂತೆಲ್ಲ ಏರುತ್ತ ಓಡುವ ಲಯ. ಧಾರವಾಡದಲ್ಲಿ ಎಂ.ಎ. ಓದುವಾಗ ಅದನ್ನು ಹಾಸ್ಟೆಲಿನ ಗೆಳೆಯರಿಗೆ ಕೇಳಿಸಿ, "ನಮ್ಮ ಕಡೆ ಭಜನೆಯ ಹಸಿತನ ಇದು, ಭಕ್ತಿ ಏರಿದಂಗ ಲಯಾನೂ ಏರತೈತಿ" ಎಂದು ಭಾಷಣ ಬಿಗಿಯುತ್ತಿದ್ದೆ. ಯಾರೂ ಅಲ್ಲವೆನ್ನಲಿಲ್ಲ.

ಆ ಪದವನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಅಪ್ಪ ಹಾಡುತ್ತಿದ್ದ ಉಳಿದ ಪದಗಳೆಲ್ಲ ಅವರ ತಮ್ಮನ ಬಾಯಲ್ಲಿದ್ದವು. ಮೇಡ್ಲೇರಿಯಲ್ಲಿ ಹೊಲ ಮಾಡಿಕೊಂಡಿದ್ದ ಆ ಕಾಕಾನಿಂದ ಅವನ್ನು ಹಾಡಿಸಿ, ಕ್ಯಾಸೆಟ್ಟಿನಂತೆಯೇ ಕೇಳಿಸುವ ಹಾಗೆ ಮಾಡಿದರೆ, ಅಪ್ಪ ಇನ್ನೊಂದಿಷ್ಟು ಹಾಡಿದಂತಾಗುತ್ತದೆ ಎಂಬ ಆಸೆ ನನಗೆ.

ಕಾಕಾ ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿಕೊಂಡು ಬಂದರು. ಪ್ರತಿಧ್ವನಿ ಅಡಗಲೆಂದು ಖೋಲಿಯ ಗೋಡೆಗೆಲ್ಲ ಗೋಣಿಚೀಲ ತೂಗುಹಾಕಿದ್ದೆ. ಬ್ಯಾಡಗಿಯಲ್ಲಿ ಚೀಲವೆಂದರೆ ಮೆಣಸಿನಕಾಯಿ ಚೀಲ. ಕಾಕಾ ಎರಡು ಸಾಲಿಗೊಮ್ಮೆ ಸೀನಿದರು. ಚೀಲ ತೆಗೆದು ಕೌದಿ ಕಟ್ಟಿದೆ. ಮೈಕಿಗೆ ಟವೆಲ್ ಸುತ್ತಿದೆ, ಅದನ್ನು ಕೊಡದೊಳಗೆ ಇಳಿಬಿಟ್ಟೆ, ಮೇಲಿಂದ ಸರ್ ಸಪ್ಪಳ ಬೆರೆಸಿದೆ. ಏನು ಮಾಡಿದರೂ ಅದು ಕೊಡದಲ್ಲಿ ಕುಂತು ಹಾಡುವ ಕಾಕಾನೇ ಹೊರತು ಅಪ್ಪನಾಗಲಿಲ್ಲ. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ಕಾಕಾ, ನಿಮ್ಮ ದನಿ ದಪ್ಪ ಆತು. ಅಪ್ಪನಂಗ ಸ್ವಲ್ಪ ಸಣ್ಣ ಮಾಡ್ರಿ."

ಕಾಕಾ ತಾಳ ಕೆಳಗಿಟ್ಟರು. "ಲೇ ತಮ್ಮಾ, ನಮ್ಮಣ್ಣನ ದನಿ ಹೆಂಗಿತ್ತಂತ ನನಗ ಹೇಳಿಕೊಡ್ತಿ? ಅವನ ಬಾಜೂಕ ಕುಂತು ಹಾಡಿದಾಂವ ನಾನು. ನಿನಗ ಆಗ ಚಡ್ಡಿ ಹಾಕ್ಕೊಳ್ಳಾಕ ಬರ್ತಿರಲಿಲ್ಲ."

"ಕ್ಯಾಸೆಟ್ ಐತೆಲ್ರಿ, ಸಾಕ್ಷಿ?"

"ಸುಡಗಾಡು ಕ್ಯಾಸೆಟ್! ವೈನಿ, ಇವಂಗ ಖರೇ ಹೇಳ್ತೀರೋ, ನಾ ಬಸ್ ಹಿಡೀಲೋ?"

ಒಳಗೆ ಅವ್ವ ರೊಟ್ಟಿ ಬಡಿಯುವುದು ನಿಂತಿತು. "ಅವತ್ತ ಕರೆಂಟ್ ಇರಲಿಲ್ಲಪಾ. ಟೇಪ್‌ರೆಕಾರ್ಡರಿಗೆ ಹಾಕಿದ್ದು ಹಳೇ ಸೆಲ್ಲು. ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಜೋಡಿ ಬಿಸಿಲಿಗಿಟ್ಟು ತಂದಾಕಿ ನಾನ. ಟೇಪು ಎಳಕೋತ ಎಳಕೋತ ತಿರುಗಿತ್ತು. ಮರುದಿನ ಕರೆಂಟಿನ ಮ್ಯಾಲೆ ಹಚ್ಚಿದ್ರ ಇಲಿ ಹಾಡಿದಂಗ ಕೇಳ್ತು. ನಿಮ್ಮಪ್ಪ ಬಿದ್ದು ಬಿದ್ದು ನಕ್ಕು, ಯಾರಿಂವ ಅಂದ್ರು."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಅಷ್ಟು ಆಶಾದಿಂದ ಕೇಳ್ತಿದ್ದಿ. ಏನಂತ ಹೇಳ್ಲಿ?"

ಸೆಲ್ಲು ಸೋತು ಟೇಪು ನಿಧಾನವಾಗಿ ಓಡಿದಾಗ ತುಂಬಿಕೊಂಡ ಹಾಡು, ಕರೆಂಟಿನ ಮೇಲೆ ಅವಸರದಿಂದ ಹೊರಬಿದ್ದಿತ್ತು. ಸೆಲ್ಲು ಇನ್ನಷ್ಟು ಸೋತಂತೆ ಲಯ ಇನ್ನಷ್ಟು ಏರಿತ್ತು. ನಾನು ಭಕ್ತಿಯೆಂದು ಧಾರವಾಡದ ತುಂಬ ಸಾರಿದ್ದು ಸೆಲ್ಲಿನ ದಣಿವು.

ಹಾಗಾದರೆ ವೇಗ ಇಳಿಸಿದರೆ ಅಪ್ಪ ಸಿಗಬೇಕು. ಆದರೆ ಎಷ್ಟು ಇಳಿಸುವುದು? ಹಾರ್ಮೋನಿಯಂ ಇದ್ದಿದ್ದರೆ ಅದರ ಸ್ವರಕ್ಕೆ ಹೊಂದಿಸಬಹುದಿತ್ತು. ಕ್ಯಾಸೆಟ್ಟಿನಲ್ಲಿದ್ದದ್ದು ಬರೀ ತಾಳ. ಮೊದಲ ನುಡಿಯನ್ನಷ್ಟೇ ಹಿಡಿದು ಕಂಪ್ಯೂಟರಿನ ವೇಗದ ಪಟ್ಟಿಯಲ್ಲಿ ಒಂದೊಂದೇ ಗೀಟು ಇಳಿಸತೊಡಗಿದೆ. ಒಂದು ಗೀಟಿಗೆ ಒಬ್ಬ ಅಪ್ಪ. ಅವ್ವ ಬಾಗಿಲಿಗೆ ಬಂದು ನಿಂತಳು.

"ಇನ್ನೂ ಇಳಸು" ಎಂದರು ಕಾಕಾ.

"ಸಾಕ್ರಿ, ಮತ್ತ ಇಳಿಸಿದ್ರ ಎಮ್ಮಿ ಆಗ್ತಾರ" ಎಂದಳು ಅವ್ವ.

"ನಮ್ಮಣ್ಣನ ದನಿ ಎಮ್ಮಿದ ಇತ್ತು, ವೈನಿ!"

ಮತ್ತೆ ಏರಿಸಿದೆ, ಮತ್ತೆ ಇಳಿಸಿದೆ. ಇಬ್ಬರೂ ಒಪ್ಪಲೊಲ್ಲರು. ಕೂಡಿ ಬಾಳಿದವರ ನೆನಪೇ ಹೀಗಿದ್ದರೆ ಇನ್ನು ಯಾರನ್ನು ಕೇಳುವುದು? ಕಂಪ್ಯೂಟರನ್ನು ಎತ್ತಿ ಹಿತ್ತಲಿಗೆ ಒಗೆಯಬೇಕೆನಿಸಿತು. ರೋಸಿ ಹೋಗಿ, ಇನ್ನೊಂದೇ ಸಲ ಎಂದು ಎಲ್ಲೋ ನಡುವೆ ನಿಲ್ಲಿಸಿ ಹಾಡು ಹಚ್ಚಿದೆ. ನನಗೆ ಅಪರಿಚಿತನಾದ ಯಾರೋ ಗಂಡಸು ನಿಧಾನವಾಗಿ ಪದ ಎತ್ತಿಕೊಂಡ. ಬಾಗಿಲ ಕಡೆ ನೋಡಿದೆ. ಹೆಗಲ ಮೇಲೆ ಜಾರಿದ್ದ ಸೆರಗನ್ನು ಅವ್ವ ಹಿಟ್ಟಿನ ಕೈಯಿಂದಲೇ ತಲೆಯ ಮೇಲೆ ಎಳೆದುಕೊಂಡಳು. ಎಳೆದುಕೊಂಡದ್ದು ಅವಳಿಗೇ ತಿಳಿಯಲಿಲ್ಲ. ತಿಳಿದ ಮೇಲೆ ಸೆರಗಿಗೆ ಹತ್ತಿದ ಹಿಟ್ಟು ಕೊಡವುತ್ತ ಒಳಗೆ ಹೋದಳು.

ಕಾಕಾ ಕಂಪ್ಯೂಟರನ್ನೇ ನೋಡುತ್ತಿದ್ದರು. "ಇನ್ನೂ ಇಳಸು ಲೇ" ಎಂದರು.

ನಾನು ಇಳಿಸಲಿಲ್ಲ.

ಅವ್ವ ಈಗಿಲ್ಲ. ಯಾವ ಲೆಕ್ಕದ ಮೇಲೆ ಅಲ್ಲೇ ನಿಲ್ಲಿಸಿದಿ ಎಂದು ಕಾಕಾ ಇಂದಿಗೂ ತಕರಾರು ತೆಗೆಯುತ್ತಾರೆ. ಎಲ್ಲದಕ್ಕೂ ಆಧಾರ ಕೇಳುವ ನಾನು ಆಗ ಮಳೆ-ಬೆಳೆಯ ಮಾತು ತೆಗೆಯುತ್ತೇನೆ. ಮೊನ್ನೆ ಮಗಳಿಗೆ ಮಾತ್ರ ಇದನ್ನೆಲ್ಲ ಹೇಳಿ, ಆ ಪದ ಕೇಳಿಸಿದೆ. ಇನ್ನೊಮ್ಮೆ ಹಚ್ಚು ಎಂದಳು. ಹಚ್ಚಿದೆ. ಅವಳು ಮೊದಲ ಸಲಕ್ಕೇ ಅಜ್ಜ ಎಂದು ಒಪ್ಪಿಕೊಂಡಳು. ನನಗೆ ಆ ದನಿ ಇನ್ನೂ ರೂಢಿಯಾಗಬೇಕು.